ಅರ್ಧ ಉಸಿರು ಹಿಂದೆ

ಆ ದನಿ ತನ್ನದೇ ಎಂದು ಶುಕೈಗೆ ಹೊಳೆಯುವಷ್ಟರಲ್ಲಿ ತರಗತಿ ಅರ್ಧ ಕಥೆ ಕೇಳಿಬಿಟ್ಟಿತ್ತು. ಗೋಡೆಯ ಸ್ಪೀಕರಿನಿಂದ ಇಂಗ್ಲಿಷ್ ಸುರಿಯುತ್ತಿತ್ತು, ಇಸ್ತ್ರಿ ಮಾಡಿಟ್ಟಂಥ ಇಂಗ್ಲಿಷ್. ಬಸ್ ನಿಲ್ದಾಣದ ಪಕ್ಕ ಅಂಗಡಿ ಇಟ್ಟುಕೊಂಡ ಮುದುಕಿಯೊಬ್ಬಳು, ಯಾರೋ ಹುಡುಗ ಮರೆತುಹೋದ ಕೊಡೆಯನ್ನು ಅವನು ದೊಡ್ಡವನಾಗಿ ವಾಪಸು ಬರುವವರೆಗೆ ಕಾಪಾಡಿಕೊಂಡ ಕಥೆ. ಕಳೆದ ವಾರ ಇಂಗ್ಲಿಷ್ ಮಾತಿನ ಅಣಕು ಪರೀಕ್ಷೆಯಲ್ಲಿ ಕಂಪ್ಯೂಟರ್ ಮೆಷಿನ್ ಅದನ್ನು ಹೇಳಿತ್ತು. ಹುಡುಗರು ಕೇಳಿಸಿಕೊಂಡು ಮೆಷಿನ್‌ಗೇ ತಿರುಗಿ ಹೇಳಿದ್ದರು, ಅದು ದನಿ ಹಿಡಿದಿಟ್ಟುಕೊಂಡು ಅಂಕ ಕೊಟ್ಟಿತ್ತು.

ಇಂಗ್ಲಿಷಿನ ಶ್ಯೆ ಮೇಷ್ಟ್ರು ನಡುವೆ ನಿಲ್ಲಿಸಿದರು.

“ಈಗ ಬರೋ ವಾಕ್ಯ ಸರಿಯಾಗಿ ಕೇಳಿ.”

ತೇವದ ತಿಂಗಳು ಬಂದಾಗಲೆಲ್ಲ ಮುದುಕಿ ಕೊಡೆ ಬಿಚ್ಚಿ, ಒಲೆಯ ಪಕ್ಕ ಇಟ್ಟು ಒಣಗಿಸಿ, ಮತ್ತೆ ಮಡಚಿ ಇಡುತ್ತಿದ್ದಳು ಎಂದಿತು ಶುಕೈಯ ದನಿ.

“ಮೆಷಿನ್ ಹೇಳಿದ ಕಥೇಲಿ ಇದಿತ್ತೇನ್ರೋ?”

“ಇಲ್ಲ ಮೇಷ್ಟ್ರೇ.”

“ಇರಲಿಲ್ಲ. ಈಗ ಇದನ್ನ ಕೇಳಿ.”

ಎರಡನೆಯ ದನಿ ಒರಟು, ಗಾಳಿಗೆದುರಾಗಿ ದೋಣಿಯಿಂದ ದೋಣಿಗೆ ಕೂಗಿ ಬೆಳೆದದ್ದು. ಅದರ ಇಂಗ್ಲಿಷಿಗೆ ಕರಾವಳಿ ಹಳ್ಳಿಯ ಉಪ್ಪು ಹತ್ತಿತ್ತು. ಅದೇ ಮುದುಕಿ, ಅದೇ ಒಲೆ, ಅದೇ ಒಣಗಿದ ಕೊಡೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅದು ಕಿಟಕಿಯ ಪಕ್ಕ ಕೂತಿದ್ದ ಔ ಯಿಲಾನ್‌ಳ ದನಿ. ಅವಳು ತಲೆ ತಗ್ಗಿಸಲಿಲ್ಲ. ಅವಳ ಬೆನ್ನ ಹಿಂದಿನ ಗೋಡೆಯಿಂದ ನೀರಿಳಿಯುತ್ತಿತ್ತು. ಕಡಲಿನ ತೇವ ಹೊತ್ತ ದಕ್ಷಿಣದ ಗಾಳಿ ಬೀಸತೊಡಗಿದ ಮೇಲೆ ಊರಿನ ಗೋಡೆಗಳೆಲ್ಲ ಹೀಗೆ ಬೆವರುತ್ತವೆ, ಬೆಂಚು, ಪುಸ್ತಕ, ಹಾಸಿಗೆ ಯಾವುದೂ ಒಣಗುವುದಿಲ್ಲ.

“ಒಂದು ಬಾಯಿ ಇಲ್ಲದ್ದನ್ನ ಕಟ್ಟಬಹುದು,” ಎಂದರು ಮೇಷ್ಟ್ರು. “ಎರಡು ಬಾಯಿ ಒಂದನ್ನೇ ಹೇಗೆ ಕಟ್ಟುತ್ತೆ?”

ಅವರು ಶುಕೈಯ ಕಡೆ ನೋಡಿದರು.

“ಕಥೇಲಿಲ್ಲದ್ದು ಸೇರಿಸಿದ್ರೆ ಅಂಕ ಇಲ್ಲ, ನಿಂಗೆ ಗೊತ್ತಲ್ಲಪ್ಪ. ಆದ್ರೂ ಇಂಥದ್ದು ಹೊಳೆಯೋದು ನಿನ್ನಂಥೋನ ತಲೆಗೇ. ಎಷ್ಟಾದ್ರೂ ಬರೆಯೋ ಅಪ್ಪನ ಮಗ.” ಆಮೇಲೆ ಕಿಟಕಿಯ ಕಡೆ ತಿರುಗಿದರು. “ಇನ್ನೊಬ್ಬರ ಎಂಜಲು ತಿಂದ್ರೆ ಹೊಟ್ಟೆ ತುಂಬುತ್ತೇನಮ್ಮ ಯಿಲಾನ್?”

ಈಗ ಎದ್ದು ನಿಲ್ಲಬೇಕು ಎಂದುಕೊಂಡ ಶುಕೈ. ಎಂದುಕೊಂಡು ಕೂತೇ ಇದ್ದ. ಎರಡು ದನಿಗಳನ್ನು ಒಟ್ಟಿಗೆ ಹಾಕಿದ್ದರೆ ಮೇಷ್ಟ್ರಿಗೆ ಗೊತ್ತಾಗುತ್ತಿತ್ತು, ಪ್ರತಿ ವಾಕ್ಯದಲ್ಲೂ ಅವಳು ಮೊದಲು, ಇವನು ಅರ್ಧ ಉಸಿರು ಹಿಂದೆ. ಹಾಕಲಿಲ್ಲ. ಹಾಕುವ ಅಗತ್ಯ ಯಾರಿಗೂ ಕಾಣಲಿಲ್ಲ.

ಶಿಕ್ಷೆ ಗೊತ್ತಾಯಿತು. ಸಂಜೆಯ ತರಗತಿಯಲ್ಲಿ ಯಿಲಾನ್ ಎಲ್ಲರೆದುರು ನಿಂತು ತಪ್ಪೊಪ್ಪಿಕೊಳ್ಳಬೇಕು. ಪರೀಕ್ಷೆ ಮುಗಿಯುವವರೆಗೆ ಅಭ್ಯಾಸಕ್ಕೆಂದು ಮೆಷಿನ್ ಕೋಣೆಗೆ ಕಾಲಿಡುವಂತಿಲ್ಲ. ನಿಜವಾದ ಪರೀಕ್ಷೆ ಬರುವ ಶನಿವಾರ. ಅವಳ ಹಳ್ಳಿಯಲ್ಲಿ ಅಂಥ ಮೆಷಿನ್ ಇಲ್ಲ, ಟೀಚರ್ ಕಾಲೇಜಿಗೆ ಸೇರಬೇಕೆಂದವಳಿಗೆ ಮಾತಿನ ಅಂಕಗಳಿಲ್ಲದೆ ದಾರಿಯಿಲ್ಲ. ಇದೆಲ್ಲ ತರಗತಿಗೆ ಗೊತ್ತು. ಶುಕೈಗೂ ಗೊತ್ತು.

ಬರೆಯಲು ಕೂತರೆ ಅವನ ಇಂಗ್ಲಿಷ್ ಶಾಲೆಗೇ ಮೊದಲು. ಎಂಥ ಗಂಟು ವಾಕ್ಯವನ್ನಾದರೂ ಬಿಡಿಸಿ ಎಳೆಎಳೆಯಾಗಿ ಇಡಬಲ್ಲ. ಆದರೆ ಮಾತಿನ ಪರೀಕ್ಷೆಗೆ ಕಾಗದವಿಲ್ಲ, ಮನುಷ್ಯರೂ ಇಲ್ಲ. ಸಾಲಾಗಿ ಮೆಷಿನ್‌ಗಳು, ನಡುವೆ ತೆಳು ಹಲಗೆ, ಕಿವಿಗೆ ತೇವದ ಹೆಡ್‌ಫೋನು. ಕೆಂಪು ದೀಪ ಹತ್ತಿದ ಕೂಡಲೇ ಕೋಣೆಗೆ ಕೋಣೆಯೇ ಒಟ್ಟಿಗೆ ಬಾಯಿ ತೆರೆಯುತ್ತದೆ. ಆಗ ಶುಕೈಯ ಬಾಯಿಗೆ ಬೀಗ. ಯಾರಾದರೂ ಮೊದಲು ಆಡಬೇಕು. ಪಕ್ಕದ ಯಿಲಾನ್‌ಳ ದನಿ ಹೆಡ್‌ಫೋನನ್ನೂ ದಾಟಿ ಬರುತ್ತಿತ್ತು. ಅವಳು ಆಡಿದ್ದನ್ನು ಅವನು ಹಿಡಿದು, ನಯಮಾಡಿ, ಮೆಷಿನ್‌ಗೆ ಕೊಡುತ್ತಿದ್ದ. ಮೆಷಿನ್ ಅವಳಿಗೆ ಕಡಿಮೆ, ಅವನಿಗೆ ಹೆಚ್ಚು ಕೊಡುತ್ತಿತ್ತು. ಮೊದಮೊದಲು ನಾಚಿಕೆಯಾಗಿತ್ತು. ಅಂಕ ಬರುತ್ತ ಬರುತ್ತ ಅದು ಅಭ್ಯಾಸವೆನಿಸಿಕೊಂಡಿತು. ಅದಕ್ಕೆ ಕದಿಯುವುದು ಎಂಬ ಹೆಸರನ್ನು ಅವನಂತೂ ಇಟ್ಟಿರಲಿಲ್ಲ. ಈಗ ಇಟ್ಟಿದ್ದರು, ಆದರೆ ಅವಳಿಗೆ.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗುವಷ್ಟರಲ್ಲಿ ಸುದ್ದಿ ಅಪ್ಪನ ಫೋನಿಗೆ ಬಂದು ಕೂತಿತ್ತು. ಅಪ್ಪ ಬೇರೊಂದು ಶಾಲೆಯಲ್ಲಿ ಚೀನೀ ಭಾಷೆಯ ಮೇಷ್ಟ್ರು. ಊರಿನ ಪತ್ರಿಕೆಯಲ್ಲಿ ಆಗಾಗ ಅವರ ಪ್ರಬಂಧ ಬರುತ್ತಿತ್ತು. ಪುಟ್ಟ ಬಟ್ಟಲುಗಳ ಮೇಲೆ ಕೆಟಲು ಸುತ್ತಿಸಿ ಸುತ್ತಿಸಿ ಟೀ ಸುರಿಯುತ್ತ ಕೇಳಿದರು:

“ಯಾರಂತೆ ಆ ಹುಡುಗಿ?”

“ಮೆಷಿನ್ ಕೋಣೇಲಿ ಪಕ್ಕದಲ್ಲಿ ಕೂತ್ಕೋತಾಳೆ.”

“ಮೀನುಗಾರರ ಪೈಕಿನಾ?”

“ಹೂಂ.”

“ಪಾಪ. ಬೈಬೇಡಿ ಅಂತ ಶ್ಯೆಗೆ ಹೇಳ್ದೆ. ನಿನ್ನ ಮಾತು ಕದಿಯೋರು ಇದ್ದಾರೆ ಅಂದ್ರೆ ನಿನ್ನ ಹತ್ರ ಏನೋ ಇದೆ ಅಂತ ತಾನೆ ಅರ್ಥ.” ಅಪ್ಪ ಒಂದು ಬಟ್ಟಲನ್ನು ಅವನ ಮುಂದೆ ಸರಿಸಿದರು. “ಒಲೆ ಪಕ್ಕ ಕೊಡೆ ಒಣಗಿಸೋದು. ಹೇಗೆ ಹೊಳೀತೋ ನಿಂಗೆ?”

“ಹಾಗೇ.”

“ನೋಡು, ಹಾಗೇ ಅಂತೆ,” ಎಂದರು ಅಪ್ಪ, ಅಡುಗೆಮನೆಯ ಕಡೆಗೆ.

“ಬಿಸಿ ಇರೋವಾಗ್ಲೇ ತಿನ್ನು ಮಗಾ,” ಎಂದಳು ಅಮ್ಮ ಅಲ್ಲಿಂದಲೇ.

ಮೀನಿನ ಗಂಜಿ, ಉಪ್ಪು ಮೂಲಂಗಿ. ಶುಕೈ ತಿಂದ. ಅಪ್ಪ ಇನ್ನೊಂದು ಸಲ ಕೇಳಿದರೆ ಹೇಳಿಬಿಡುತ್ತೇನೆ ಎಂದು ತನಗೆ ತಾನೇ ಮಾತು ಕೊಟ್ಟುಕೊಂಡ. ಅಪ್ಪ ಮತ್ತೆ ಕೇಳಲಿಲ್ಲ. ಅದಕ್ಕೆ ಅವನಿಗೆ ಸಮಾಧಾನವಾಯಿತು. ಆ ಸಮಾಧಾನ ಆದದ್ದಕ್ಕೆ ಹೇಸಿಗೆಯಾಯಿತು.

ವಾಪಸು ಬಂದಾಗ ಯಿಲಾನ್ ಕಾರಿಡಾರಿನ ನೆಲ ಒರೆಸುತ್ತಿದ್ದಳು. ಬೇರೆ ಯಾರೂ ಇನ್ನೂ ಬಂದಿರಲಿಲ್ಲ.

“ನಿನ್ನ ಪಾಳಿನಾ ಇವತ್ತು?”

“ಹೂಂ. ಒರೆಸಿದಷ್ಟೂ ನೀರು.”

“ಯಿಲಾನ್, ನಾನು…”

“ಜಾರ್ತೀಯ. ಆ ಕಡೆ ನಿಂತ್ಕೋ.”

ಆ ಕಡೆ ನಿಂತ. ಅವಳು ಬಟ್ಟೆ ಹಿಂಡಿದಳು.

“ಆ ಕೊಡೆ ನಿಂಗೆ ಎಲ್ಲಿಂದ ಬಂತು?” ಎಂದು ಕೇಳಿದ. ಕೇಳಬೇಕಾದದ್ದು ಅದಲ್ಲ.

“ನಮ್ಮಜ್ಜೀದು. ತಾತ ದೋಣಿ ಜೊತೆ ಮುಳುಗಿಹೋದ್ರು, ಕೊಡೆ ಉಳೀತು, ಅಜ್ಜಿ ಹಂಗೇ ಒಣಗಿಸಿ ಇಡ್ತಾಳೆ. ಅವತ್ತು ಕಥೆ ಅರ್ಧ ಮರ್ತುಹೋಗಿತ್ತು ನಂಗೆ. ಬಾಯಿ ಸುಮ್ನಿರಬಾರ್ದಲ್ಲ, ಮನೇದೇ ಹೇಳ್ದೆ.”

“ಬೆಳಿಗ್ಗೆ ಯಾಕೆ ಬಾಯಿ ಬಿಡ್ಲಿಲ್ಲ?”

“ನೀನು ಬಿಡ್ತೀಯ ಅಂತ ಕಾದೆ.”

ಅವಳು ಕೋಪದಿಂದ ಹೇಳಿದ್ದರೆ ಶುಕೈಗೆ ಅನುಕೂಲವಾಗುತ್ತಿತ್ತು. ಬಸ್ಸು ತಡ ಎನ್ನುವಂತೆ ಹೇಳಿದಳು. ಅವನು ಗೋಡೆಗೆ ಕೈಯೂರಿದ, ಅಂಗೈ ಒದ್ದೆಯಾಯಿತು.

“ಸಂಜೆ ಏನು ಹೇಳ್ಬೇಕು ಅಂತ ನಂಗೆ ಗೊತ್ತಿಲ್ಲ,” ಎಂದಳು ಯಿಲಾನ್. “ನೀನೇ ಹೇಳ್ಕೊಡು.”

“ನಾನಾ?”

“ಮತ್ಯಾರು? ಬೇರೆಯವರ ಮಾತು ಎತ್ಕೊಳ್ಳೋದು ಹೆಂಗಾಗುತ್ತೆ ಅಂತ ನಂಗೇನು ಗೊತ್ತು. ನೀನು ಹೇಳು, ನಾನು ಹಿಂದಿಂದೆ ಹೇಳ್ತೀನಿ. ಹಂಗಾದ್ರೆ ಬಾಯಿಗೆ ಹತ್ತುತ್ತೆ.”

ಅವಳ ಮುಖ ನೋಡಿದ. ಅಣಕವಿದೆಯೇ ಎಂದು ಹುಡುಕಿದ. ಸಿಗಲಿಲ್ಲ. ಸಿಗದಿದ್ದದ್ದು ಇನ್ನೂ ಕೆಟ್ಟದ್ದಾಗಿತ್ತು.

“ಕೆಂಪು ದೀಪ ಹತ್ತಿದ ಕೂಡಲೇ ನನ್ನ ಗಂಟಲು ಕಟ್ಟುತ್ತದೆ,” ಎಂದ ಶುಕೈ.

“ಕೆಂಪು ದೀಪ ಹತ್ತಿದ ಕೂಡಲೇ ನನ್ನ ಗಂಟಲು ಕಟ್ಟುತ್ತದೆ,” ಎಂದಳು ಯಿಲಾನ್, ಬಕೆಟ್ಟಿನ ಪಕ್ಕ ನಿಂತು.

“ಎಲ್ಲರ ಹತ್ತಿರವೂ ಹೇಳಲು ಏನೋ ಇದೆ, ನನ್ನ ಹತ್ತಿರ ಮಾತ್ರ ಇಲ್ಲ ಅನ್ನಿಸುತ್ತದೆ.”

ಅವಳು ಅದನ್ನೂ ಹೇಳಿದಳು.

“ಪಕ್ಕದವರ ಬಾಯಿಂದ ಬಿದ್ದದ್ದನ್ನು ಎತ್ತಿಕೊಳ್ಳುತ್ತೇನೆ. ಒರೆಸಿ ನನ್ನದು ಎನ್ನುತ್ತೇನೆ. ಜನ ಹೊಗಳಿದರೆ ಬೇಡ ಎನ್ನುವುದಿಲ್ಲ.”

ಹೇಳುತ್ತಾ ಹೋದ. ಇಷ್ಟು ದಿನ ಎಲ್ಲಿದ್ದವೋ ಮಾತುಗಳು ಒಂದರ ಹಿಂದೊಂದು ಬಂದವು. ಹುಟ್ಟಿದಾಗಿನಿಂದ ಅವನು ಯಾರಿಗೂ ಕಾಯದೆ ಇಷ್ಟು ಹೊತ್ತು ಮಾತಾಡಿರಲಿಲ್ಲ. ಮಾತು ಮುಗಿಯುವ ಮೊದಲೇ ಅವಳು ಅದನ್ನು ತೆಗೆದುಕೊಳ್ಳುತ್ತಿದ್ದಳು. ತನ್ನ ನಾಚಿಕೆಯನ್ನು ಅವಳ ದೊಡ್ಡ ದನಿಯಲ್ಲಿ ಕೇಳುತ್ತಾ ನಾಚಿಕೆಯ ಜೊತೆಗೇ ಒಂದು ಸುಖವೂ ಆಗುತ್ತಿತ್ತು. ವಾಕ್ಯಗಳು ಚೆನ್ನಾಗಿ ಕೂತಿವೆ ಎಂದೂ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ಅವನು ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕಿತ್ತು.

“ಇಷ್ಟು ಸಾಕಾ?”

“ಕೊನೆಗೆ ಕ್ಷಮೆ ಕೇಳ್ಬೇಕು.”

“ಯಾರನ್ನ?”

ಶುಕೈ ಒದ್ದೆ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

“ಅದನ್ನೂ ಹೇಳ್ಕೊಡು,” ಎಂದಳು.

“ಶುಕೈ, ನನ್ನನ್ನು ಕ್ಷಮಿಸು,” ಎಂದ ಅವನು, ನೆಲ ನೋಡುತ್ತ.

“ಶುಕೈ, ನನ್ನನ್ನು ಕ್ಷಮಿಸು,” ಎಂದಳು ಯಿಲಾನ್. ಬಕೆಟ್ಟು ಎತ್ತಿಕೊಂಡು ಹೋದಳು.

ಸಂಜೆಯವರೆಗೆ ಅವನ ಕಿವಿಗೆ ಪಾಠ ಬೀಳಲಿಲ್ಲ. ಕದ್ದವನು ಇವನೇ ಎಂದು ಅವಳು ಎಲ್ಲರೆದುರು ಹೇಳಿಯೇ ಹೇಳುತ್ತಾಳೆ, ಅದಕ್ಕೆಂದೇ ಬಾಯಿ ಬಿಡಿಸಿದ್ದು ಎಂದು ಒಂದು ಗಳಿಗೆ ಹೆದರಿದ. ಮರುಗಳಿಗೆ, ಹೇಳಲಿ, ಹೇಳಿಬಿಟ್ಟರೆ ತಾನು ಹೇಳುವುದು ತಪ್ಪುತ್ತದೆ ಎಂದು ಆಸೆಪಟ್ಟ. ಅಲ್ಲಿಯೂ ಅವಳೇ ಮೊದಲು ಆಡಬೇಕಿತ್ತು.

ಯಿಲಾನ್ ಕರಿಹಲಗೆಯ ಮುಂದೆ ನಿಂತಳು. ಕೈ ಎರಡೂ ಪಕ್ಕಕ್ಕೆ. ಅವನು ಹೇಳಿಕೊಟ್ಟದ್ದರಲ್ಲಿ ಒಂದು ಪದವೂ ಬಿಡಲಿಲ್ಲ, ಒಂದು ಪದವೂ ಸೇರಿಸಲಿಲ್ಲ. ಅವಳ ದನಿ ಕಾರಿಡಾರಿಗೂ ಕೇಳುವಂತಿತ್ತು. ಗಂಟಲು ಕಟ್ಟುವ ಮಾತಿಗೆ ಹಿಂದಿನ ಸಾಲು ನಕ್ಕಿತು.

“ನಿಂಗೆ ಗಂಟಲು ಕಟ್ಟೋದಾ? ನೀನು ಕೂಗಿದ್ರೆ ಬಂದರಿನ ಹಡಗು ನಿಲ್ಲುತ್ತೆ ಕಣೆ,” ಎಂದ ಒಬ್ಬ.

ಆಮೇಲೆ ನಗು ನಿಂತಿತು. ಎತ್ತಿಕೊಳ್ಳುತ್ತೇನೆ, ಒರೆಸಿ ನನ್ನದು ಎನ್ನುತ್ತೇನೆ ಎನ್ನುವಾಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ತಲೆ ತಗ್ಗಿಸಿದಳು. ಅವಳಿಗೆ ಅವಳದೇ ಏನೋ ನೆನಪಾಗಿರಬೇಕು. ಶ್ಯೆ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು, ಆ ತೇವದಲ್ಲಿ ಅದನ್ನು ಎಲ್ಲರೂ ಮಾಡುತ್ತಿದ್ದರು.

“ಶುಕೈ, ನನ್ನನ್ನು ಕ್ಷಮಿಸು,” ಎಂದು ಯಿಲಾನ್ ಮುಗಿಸಿದಳು. ಅವನ ಕಡೆ ನೋಡಿ ಹೇಳಿದಳು.

“ಇಷ್ಟು ಪ್ರಾಮಾಣಿಕವಾಗಿ ತಪ್ಪೊಪ್ಪಿಕೊಂಡೋರನ್ನ ನಾನು ಕಂಡಿಲ್ಲ,” ಎಂದರು ಮೇಷ್ಟ್ರು. “ಆಯ್ತಮ್ಮ, ಮೆಷಿನ್ ಕೋಣೆಗೆ ಬಾ. ಆದ್ರೆ ಆ ಕೊನೇಲಿ ಕೂತ್ಕೋ. ಶುಕೈ, ನೀನು ಗೋಡೆ ಪಕ್ಕದ್ದಕ್ಕೆ ಹೋಗಪ್ಪ, ಯಾರ ಕಾಟಾನೂ ಇರಲ್ಲ.” ಆಮೇಲೆ ನೆನಪಾದವರಂತೆ, “ಏನು, ಕ್ಷಮಿಸಿದ್ಯಾ ಅವಳನ್ನ?”

ತರಗತಿ ತಿರುಗಿ ನೋಡಿತು. ಯಿಲಾನ್ ಕಾಯುತ್ತಿದ್ದಳು. ಬೆಳಿಗ್ಗೆಯೂ ಹೀಗೇ ಕಾದಿರಬೇಕು. ಶುಕೈ ಎದ್ದು ನಿಂತ. ಬೆಂಚಿನ ಅಂಚು ಒದ್ದೆಯಾಗಿತ್ತು. ಹೇಳಬೇಕಾದದ್ದು ಮಧ್ಯಾಹ್ನವೇ ಪೂರ್ತಿ ಬಾಯಿಪಾಠವಾಗಿತ್ತು, ಒಂದು ಹೆಸರು ಬದಲಾಯಿಸಿದರೆ ಸಾಕಿತ್ತು.

“ಕ್ಷಮಿಸಿದ್ದೀನಿ ಮೇಷ್ಟ್ರೇ,” ಎಂದ.

ಯಾರೋ ಚಪ್ಪಾಳೆ ಶುರು ಮಾಡಿದರು. ಎಲ್ಲರೂ ಹೊಡೆದರು. ಯಿಲಾನ್ ಕೂಡ ಹೊಡೆದಳು.

ಅಂದಿನ ಅಭ್ಯಾಸಕ್ಕೆ ಮೆಷಿನ್ ಕೋಣೆಯಲ್ಲಿ ಅವನ ಎಡಕ್ಕೆ ಗೋಡೆ, ಬಲಕ್ಕೆ ಕೆಟ್ಟುಹೋಗಿ ಮುಸುಕು ಹಾಕಿದ ಮೆಷಿನ್. ಹೆಡ್‌ಫೋನಿನಲ್ಲಿ ಹೆಂಗಸಿನ ದನಿ ಹೊಸ ಕಥೆಯೊಂದನ್ನು ಹೇಳಿ ಮುಗಿಸಿತು. ಶುಕೈಗೆ ಕಥೆ ಪೂರ್ತಿ ಅರ್ಥವಾಗಿತ್ತು, ಒಂದು ಪದವೂ ತಪ್ಪಿರಲಿಲ್ಲ. ಕೆಂಪು ದೀಪ ಹತ್ತಿತು.

ಕೋಣೆ ಗುಲ್ಲೆಂದಿತು. ಯಿಲಾನ್‌ಳ ದನಿಗಾಗಿ ಕಿವಿ ಹುಡುಕಿತು. ದೂರದ ಆ ಕೊನೆಯಲ್ಲಿ ಅದು ಎಲ್ಲರ ದನಿಯೊಳಗೆ ಕರಗಿಹೋಗಿತ್ತು. ಗಾಜಿನ ಆಚೆ ಶ್ಯೆ ಮೇಷ್ಟ್ರು ನಿಂತು ಅವನನ್ನೇ ನೋಡುತ್ತಿದ್ದರು. ಶುಕೈ ತುಟಿ ಆಡಿಸತೊಡಗಿದ. ದನಿಯಿಲ್ಲದೆ, ಅಚ್ಚುಕಟ್ಟಾಗಿ, ಅಲ್ಲಲ್ಲಿ ನಿಲ್ಲಿಸಿ, ಹುಬ್ಬೇರಿಸಿ. ಮೇಷ್ಟ್ರು ತಲೆದೂಗಿದರು.

ಪರದೆಯ ಮೇಲೆ ದನಿಯ ಏರಿಳಿತ ತೋರಿಸುವ ಹಸಿರು ಗೆರೆ ಎದ್ದು ಕುಣಿಯುತ್ತಿತ್ತು. ಅವನ ಬಾಯಿಯ ಮುಂದಿನ ಮೈಕು ಸುತ್ತಲಿನ ಬಾಯಿಗಳನ್ನೆಲ್ಲ ಕೇಳಿಸಿಕೊಳ್ಳುತ್ತಿತ್ತು. ಸಮಯ ಮುಗಿದು ದೀಪ ಆರಿತು, ಕೋಣೆಯ ಗದ್ದಲ ನಿಂತಿತು. ನಿಮ್ಮ ದನಿ ದಾಖಲಾಗಿದೆ ಎಂದು ಪರದೆಯ ಮೇಲೆ ಮೂಡಿತು. ಅದರ ಕೆಳಗೆ ಅಂಕ ಬಂತು, ಕೆಟ್ಟ ಅಂಕವೇನಲ್ಲ. ಶುಕೈಯ ತುಟಿಗಳು ಇನ್ನೂ ಆಡುತ್ತಲೇ ಇದ್ದವು.