ಮಣ್ಣಿನ ಪಾಲನ್ನು ಅಳೆದವಳು

ಯಾರು ಏನೇ ದೂರು ಹೇಳಿಕೊಂಡು ಬಂದರೂ ಆಕೆ ತಲೆಯನ್ನು ಕೊಂಚ ಎಡಕ್ಕೆ ವಾಲಿಸಿ, ಕನ್ನಡಕದ ಮೇಲಿನಿಂದ ನೋಡಿ, "ಮೊದ್ಲು ಎಷ್ಟಿತ್ತು?" ಎಂದು ಕೇಳುತ್ತಿದ್ದಳು. ಸಹೋದ್ಯೋಗಿ ಸೊಂಟನೋವೆಂದು ನರಳಿದರೂ ಅದೇ ಪ್ರಶ್ನೆ. ಮದುವೆಯಾಗಿ ವರ್ಷ ಕಳೆಯುವುದರೊಳಗೆ ಗಂಡನಿಗೆ ಮಾತೇ ಬೇಡವಾಯಿತೆಂದು ಗೆಳತಿ ಮೂಗೆಳೆದರೂ ಅದೇ ಪ್ರಶ್ನೆ. "ಮೊದ್ಲೂ ಅಷ್ಟೇ ಇತ್ತು ಕಣೆ," ಎಂದು ಆ ಗೆಳತಿ ಅಳುವುದನ್ನು ಮರೆತು ನಕ್ಕುಬಿಟ್ಟಿದ್ದಳಂತೆ. ಹೀಗಾಗಿ ಪ್ರಯೋಗಾಲಯದವರೆಲ್ಲ ಆಕೆಯನ್ನು ಮೊದಲಮ್ಮ ಎಂದು ಕರೆಯತೊಡಗಿದರು.

ಮನುಷ್ಯನ ಕೈ ಸೋಕುವ ಮುನ್ನ ಮಣ್ಣಿನಲ್ಲಿ, ಅಂತರ್ಜಲದಲ್ಲಿ ಯಾವ ವಸ್ತು ಎಷ್ಟಿತ್ತೆಂದು ನಿರ್ಧರಿಸುವುದೇ ಆಕೆಯ ವೃತ್ತಿ. ಕಬ್ಬಿಣ, ಸತು, ಪಾಷಾಣಗಳನ್ನು ಭೂಮಿ ತನ್ನ ಹುಟ್ಟಿನಿಂದಲೇ ಮಡಿಲಲ್ಲಿ ಕಟ್ಟಿಕೊಂಡು ಬಂದಿದೆ. ಆ ಸಹಜ ಮಟ್ಟವನ್ನು ತಿಳಿಯದೆ ನೆಲ ಕೆಡಿಸಿದವರು ಯಾರೆಂದು ಹೇಳುವುದು, ಸೊಸೆ ಬರುವ ಮುಂಚೆ ಅತ್ತೆ ಹೇಗಿದ್ದಳೆಂದು ವಿಚಾರಿಸದೆ ಮನೆಜಗಳಕ್ಕೆ ತೀರ್ಪು ಕೊಟ್ಟ ಹಾಗೆ ಎನ್ನುವುದು ಆಕೆಯ ವಾದ. ಸದಾ ನೆಲ ನೋಡಿಕೊಂಡೇ ನಡೆಯುತ್ತಿದ್ದುದರಿಂದ ಪರಿಚಿತರನ್ನು ಮುಖಕ್ಕಿಂತ ಮೊದಲು ಚಪ್ಪಲಿಯಿಂದ ಗುರುತಿಸುವಳು. ಮೈಮೇಲೆ ದರ್ಜಿಯಾದ ಅಣ್ಣ ಹೊಲಿದುಕೊಟ್ಟ ಕಂದು ಕೋಟು, ಅದರ ತುಂಬ ಜೇಬು, ಜೇಬಿನ ತುಂಬ ಮಣ್ಣಿನ ಪೊಟ್ಟಣ. ಬಾವಿಯಿಂದ ಮಾದರಿ ತೆಗೆಯುವ ಮುನ್ನ ನಿಂತ ನೀರೆಲ್ಲ ಹೊರಗೆ ಹರಿದು ಹೊಸ ನೀರು ಬರುವವರೆಗೆ ಪಂಪು ನಿಲ್ಲಿಸಗೊಡುತ್ತಿರಲಿಲ್ಲ. ಜೊತೆಗಿದ್ದವರು ಬಿಸಿಲಿಗೆ ಚಡಪಡಿಸಿದರೆ, "ಬಾವಿ ಗಂಟ್ಲು ಸರಿಮಾಡ್ಕೊಳ್ಲಿ, ಆಮೇಲೆ ಮಾತಾಡ್ಸೋಣ," ಎನ್ನುವಳು.

ತಾಯಿಯನ್ನು ಎಳವೆಯಲ್ಲೇ ಕಳೆದುಕೊಂಡ ಆಕೆಗೆ ಎಣ್ಣೆ ಹಚ್ಚಿ ತಲೆ ಬಾಚಿದ್ದು, ಜ್ವರ ಬಂದಾಗ ಹಣೆಯ ಮೇಲೆ ಕೈಯಿಟ್ಟು ಕೂತಿದ್ದು, ಓದು ನಿಲ್ಲಿಸೆಂದ ಬಂಧುಗಳ ಬಾಯಿ ಮುಚ್ಚಿಸಿದ್ದು ಎಲ್ಲವೂ ಅತ್ತಿಗೆಯೇ. ಆ ಅತ್ತಿಗೆ ಮೂತ್ರಕೋಶದ ಕ್ಯಾನ್ಸರಿನಿಂದ ತೀರಿಕೊಂಡಳು. ಅದಾದ ಕೆಲವೇ ತಿಂಗಳಲ್ಲಿ, ಅಣ್ಣನ ಬೀದಿಯ ಬಾವಿಗಳಲ್ಲಿ ಆರ್ಸೆನಿಕ್ ಎಂಬ ಪಾಷಾಣ ಮಿತಿಮೀರಿದೆಯೆಂದು ಗೊತ್ತಾಯಿತು. ಬೀದಿಯ ತುದಿಯಲ್ಲಿ ಮರದ ಕಂಬಗಳಿಗೆ ಗೆದ್ದಲು ಹಿಡಿಯದಂತೆ ಔಷಧಿ ಕುಡಿಸುವ ಕಾರ್ಖಾನೆಯಿತ್ತು. ಆ ಔಷಧಿಯಲ್ಲಿದ್ದುದೂ ಅದೇ ಪಾಷಾಣ. ಇನ್ನೇನು ಬೇಕು? ಬೀದಿಗೆ ಬೀದಿಯೇ ಕಾರ್ಖಾನೆಯ ಬಾಗಿಲಲ್ಲಿ ಕೂತಿತು. ಎಂದೂ ಗಟ್ಟಿಯಾಗಿ ಮಾತಾಡದ ಅಣ್ಣ ಎಲ್ಲರಿಗಿಂತ ಮುಂದೆ ಕೂತ. "ನೀನಿದ್ದೀಯಲ್ಲ, ಇನ್ನು ಆ ಕಾರ್ಖಾನೆಯವ್ನು ಹೇಗೆ ತಪ್ಪಿಸ್ಕೊಳ್ತಾನೆ ನೋಡ್ತೀನಿ," ಎಂದು ತಂಗಿಗೆ ಹೇಳಿದ.

ಪರೀಕ್ಷೆಯ ಹೊಣೆ ಆಕೆಯ ಪ್ರಯೋಗಾಲಯಕ್ಕೇ ಬಂತು. ತನ್ನ ಮನೆಯ ನೋವು ಬೆರೆತ ಕೆಲಸವಿದೆಂದು ಮೊದಲಮ್ಮ ಮೇಲಧಿಕಾರಿಗೆ ತಿಳಿಸಿ, ಬಾಟಲಿಗಳ ಮೇಲೆ ಬಾವಿಯ ಗುರುತಿಲ್ಲದಂತೆ ಮಾಡಿ, ಅಳೆಯುವುದನ್ನು ಬೇರೆಯವರಿಗೆ ಬಿಟ್ಟಳು. ಕಾರ್ಖಾನೆಯ ನೀರು ಹರಿದು ತಲುಪಲಾರದ ಮೇಲಿನ ಬಡಾವಣೆಯ ಬಾವಿಗಳನ್ನೂ, ಅದೇ ಬಗೆಯ ಮಣ್ಣಿದ್ದು ಯಾವ ಉದ್ಯಮವೂ ಕಾಲಿಡದ ದೂರದ ಬಯಲನ್ನೂ ಲೆಕ್ಕಕ್ಕೆ ಸೇರಿಸಿದಳು. ಕಾರ್ಖಾನೆಯವನೇ ತಪ್ಪಿತಸ್ಥನಾಗಲಿ ಎಂದು ಒಳಗೊಳಗೇ ಹಾರೈಸಿದಳು ಕೂಡ. ಆದರೆ ಆಳದಿಂದ ಕೊರೆದು ತೆಗೆದ ಮಣ್ಣು ಕಪ್ಪಗಿತ್ತು, ಕೊಳೆತ ಎಲೆಯ ವಾಸನೆ ಸೂಸುತ್ತಿತ್ತು. ಎಂದೋ ಇದ್ದ ಜೌಗುಭೂಮಿಯ ಮೇಲೆ ನದಿ ಹೂಳು ಹೊದಿಸಿ ಹೋದ ಜಾಗ ಅದು. ಪಾಷಾಣ ಆ ಕಪ್ಪು ಪದರದಿಂದಲೇ ನೀರಿಗೆ ಇಳಿಯುತ್ತಿತ್ತು. ದೂರದ ಬಯಲಲ್ಲೂ ಅಷ್ಟೇ, ಮೇಲಿನ ಬಡಾವಣೆಯಲ್ಲೂ ಅಷ್ಟೇ. ಕಾರ್ಖಾನೆಯ ಔಷಧಿ ಅದರ ಅಂಗಳದ ಮೇಲ್ಮಣ್ಣನ್ನೂ ಪಕ್ಕದ ಒಂದೆರಡು ಬಾವಿಗಳನ್ನೂ ಕೆಡಿಸಿತ್ತು. ಅಣ್ಣನ ಹಿತ್ತಲಿನ ಬಾವಿಯವರೆಗೆ ಬಂದಿರಲಿಲ್ಲ.

ವರದಿ ಹೊರಬಿದ್ದ ದಿನ, ಅದನ್ನು ಪತ್ರಿಕೆಯಲ್ಲಿ ಓದುವ ಗತಿ ಅಣ್ಣನಿಗೆ ಬರಬಾರದೆಂದು ಆಕೆಯೇ ಅವನ ಅಂಗಡಿಗೆ ನಡೆದಳು. ಅವನು ಹೊಲಿಗೆಯಂತ್ರದ ಚಕ್ರವನ್ನು ಅಂಗೈಯಿಂದ ತಡೆದು ಪೂರ್ತಿ ಕೇಳಿಸಿಕೊಂಡ.

"ಹಾಗಾದ್ರೆ ನಿಮ್ಮತ್ತಿಗೇನ ಕೊಂದೋರು ಯಾರು?"

"ಯಾರೂ ಅಲ್ಲ ಅಣ್ಣ. ಆ ನೀರೇ ಇರ್ಬಹುದು. ಅದನ್ನೂ ಖಂಡಿತ ಅಂತ ಹೇಳೋಕಾಗಲ್ಲ."

"ಅವ್ಳ ಕೈತುತ್ತು ತಿಂದು ಬೆಳೆದೋಳು ನೀನು. ಹೀಗೆ ಹೇಳೋಕೆ ಬಾಯಾದ್ರೂ ಹೇಗೆ ಬಂತು?"

ಅವನು ಚಕ್ರ ತಿರುಗಿಸಿದ. ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ.

ಅಣ್ಣ ಆಮೇಲೆ ಬಹಳ ಕಾಲ ಮಾತು ಬಿಟ್ಟ. ಬೀದಿಯವರು ಆಕೆಗೆ ಲಂಚಕೋರಿ ಎಂಬ ಬಿರುದು ಕೊಟ್ಟರು. ಕಾರ್ಖಾನೆಯವನೋ, ತಾನು ಗೆದ್ದೆನೆಂದುಕೊಂಡು ನಮಸ್ಕರಿಸಲು ಬಂದವನು, ಅಂಗಳದ ಮಣ್ಣನ್ನೆಲ್ಲ ಅಗೆದು ಸಾಗಿಸಬೇಕೆಂಬ ಮಾತು ಕೇಳಿ ಇಂಗು ತಿಂದ ಮಂಗನಂತಾದ. ಆದರೆ ದೋಷ ನೆಲದಾಳದ್ದೆಂದು ತಿಳಿದದ್ದರಿಂದಲೇ ನಗರಸಭೆ ಕಾರ್ಖಾನೆಗೆ ಬೀಗ ಜಡಿದು ಕೈತೊಳೆದುಕೊಳ್ಳುವಂತಿರಲಿಲ್ಲ. ತಮ್ಮ ಬಾವಿ ಅಮೃತವೆಂದು ನಂಬಿ ಮಕ್ಕಳಿಗೆ ಕುಡಿಸುತ್ತಿದ್ದ ಮೇಲಿನ ಬಡಾವಣೆಗೂ ಸೇರಿಸಿ, ದೂರದ ಕೆರೆಯಿಂದ ಕೊಳವೆ ಬಂತು.

ನಲ್ಲಿ ಬಂದ ವಾರ ಅಣ್ಣ ತಂಗಿಯ ಮನೆಗೆ ಬಂದ. ಚಪ್ಪಲಿ ಬಿಟ್ಟು ಒಳಗೆ ಕೂತು, ಕಿಟಕಿಯ ಕಡೆ ನೋಡುತ್ತ, "ಅವ್ಳಿದ್ದಿದ್ರೆ ಮೊದಲ್ನೇ ಬಿಂದಿಗೆ ತಾನೇ ಹಿಡೀತಿದ್ಲು," ಎಂದ. ಆಮೇಲೆ, "ಅವನ್ ಮೇಲೆ ಸಿಟ್ಟಿತ್ತಲ್ಲ, ಅದ್ರಲ್ಲೇ ದಿನ ಹೋಗ್ತಿತ್ತು. ಈಗ ಬರೀ ಅವಳು ಇಲ್ಲ ಅನ್ನೋದೊಂದೇ ಉಳ್ದಿದೆ," ಎಂದ. ಮೊದಲಮ್ಮ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು. ಅತ್ತಿಗೆ ಸತ್ತ ದಿನದಿಂದ ಜೊತೆಯಾಗಿ ಅಳದಿದ್ದ ಅವರಿಬ್ಬರೂ ಆ ಮಧ್ಯಾಹ್ನ ಅತ್ತರು.

ದುಃಖಕ್ಕೆ ತಕ್ಷಣ ಒಬ್ಬ ಶತ್ರುವನ್ನು ಹುಡುಕಿಕೊಡುವವರು ನಮಗೆ ಪ್ರಿಯರಾಗುತ್ತಾರೆ. ಸಿಟ್ಟಿಗಾದರೂ ಒಂದು ವಿಳಾಸ ಸಿಗುತ್ತದಲ್ಲ. ಮೊದಲಮ್ಮನಂಥವರು ಆ ವಿಳಾಸವನ್ನು ಅಳಿಸುತ್ತಾರೆ, ಮನುಷ್ಯರ ತಪ್ಪಿನಿಂದ ಮಣ್ಣಿನ ಪಾಲನ್ನು ಕಳೆದು ಉಳಿದಷ್ಟನ್ನೇ ಮುಂದಿಡುತ್ತಾರೆ, ಅದಕ್ಕಾಗಿ ತಮ್ಮವರಿಂದಲೇ ಬೈಸಿಕೊಳ್ಳುತ್ತಾರೆ. ಅವರಿಗೆ ಹೃದಯವಿಲ್ಲವೆಂದು ಜನ ಆಡಿಕೊಳ್ಳುವುದುಂಟು. ಹೃದಯವಿಲ್ಲದವರಿಗೆ ಅಳತೆ ಇಷ್ಟು ಕಷ್ಟವಾಗುವುದಿಲ್ಲ.