ಬೀಸಿದ ಹಿಟ್ಟನ್ನೇ ಬೀಸಿದ ಗಿರಣಿ

ಕಂಬ ಕುಸಿದ ಸುದ್ದಿಯನ್ನು ಮೊದಲು ಹೇಳಿದವಳು ಕೆಳಮನೆಯ ದರ್ಜಿ, ಸೋಮವಾರ ಮಧ್ಯಾಹ್ನ, ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಡುವುದನ್ನೂ ಮರೆತು ಬೀದಿಗೆ ಓಡಿಬಂದು. ಈಗ ಅದೇ ದರ್ಜಿ ವಸತಿ ಸಂಸ್ಥೆಯ ಸಭಾಂಗಣದ ಮೊದಲ ಸಾಲಿನಲ್ಲಿ ಎದ್ದುನಿಂತು ಅದನ್ನೇ ಮತ್ತೆ ಹೇಳುತ್ತಿದ್ದಾಳೆ, ಆದರೆ ಹಿಂದಿನ ಗೋಡೆಗೆ ಒರಗಿ ಕೂತ ಗಿರಣಿ ಅಕ್ಕನ ಕಿವಿಗೆ ಮಾತಿಗಿಂತ ಮೊದಲು ಬೀಳುತ್ತಿರುವುದು ಪ್ರೊಜೆಕ್ಟರಿನ ಫ್ಯಾನಿನ ಗೊರಗೊರ — ಧೂಳು ತುಂಬಿದೆ, ಒಮ್ಮೆ ಬಿಚ್ಚಿ ಊದಬೇಕು, ಇಂಥ ಹೊತ್ತಿನಲ್ಲೂ ತನಗೆ ತೋಚುವುದು ಇದೇ ಅಲ್ಲವೇ, ಯಂತ್ರ, ಯಂತ್ರದ ಆರೋಗ್ಯ — ಮೊದ್ಲು ಪುಡಿ ಉದುರಿತು ಸ್ವಾಮಿ, ಹೊಲಿಯೋ ಬಟ್ಟೆ ಮೇಲೆ, ಮೇಲ್ಗಡೆ ಯಾರೋ ಹಿಟ್ಟು ಜರಡಿ ಹಿಡೀತಾರೇನೋ ಅಂದ್ಕೊಂಡೆ, ಆಮೇಲೆ ಆ ಸದ್ದು, ಎಂದು ದರ್ಜಿ ಕೂರುತ್ತಾಳೆ, ಅವಳ ಪಕ್ಕದಲ್ಲಿ ಗಿರಣಿ ಅಕ್ಕನ ತಂಗಿಯ ಗಂಡ, ಬಸ್ಸು ಓಡಿಸುವವನು, ಖಾಕಿ ಅಂಗಿ ಬದಲಿಸದೆ ಬಂದಿದ್ದಾನೆ, ಅವನ ಕುತ್ತಿಗೆಯ ಹಿಂಭಾಗ ಮಾತ್ರ ಇಲ್ಲಿಂದ ಕಾಣುತ್ತದೆ, ಕೂದಲು ಕತ್ತರಿಸಬೇಕು, ಅದನ್ನು ನೆನಪಿಸುತ್ತಿದ್ದವಳು ಅವನ ಹೆಂಡತಿ, ಇವಳ ಚಿಕ್ಕವಳು, ಮತ್ತು ಚಿಕ್ಕವಳು ಈಗ ಇಲ್ಲ. ಚಿಕ್ಕವಳು ಇಲ್ಲ ಎಂಬ ವಾಕ್ಯವನ್ನು ಮನಸ್ಸು ಮುಟ್ಟಿದ ಕೂಡಲೇ ಕೈ ಸುಟ್ಟವರಂತೆ ಹಿಂದಕ್ಕೆ ಸರಿಯುತ್ತದೆ, ಸರಿದು ಬಾಚಣಿಗೆಯ ಮೇಲೆ ಬೀಳುತ್ತದೆ, ಆ ಹಸಿರು ಬಾಚಣಿಗೆ, ಬೇಡ, ಅದು ಬೇಡ.

ಗಿರಣಿ ಅಕ್ಕ ಎಂದು ಹೆಸರಿಟ್ಟವನು ಇದೇ ಸಂಸ್ಥೆಯ ಕಚೇರಿಯಲ್ಲಿ ಅವಳ ಪಕ್ಕದ ಮೇಜಿನ ಮೀಸೆ, ತಮಾಷೆಗೆ ಇಟ್ಟದ್ದು, ಆಮೇಲೆ ಇಡೀ ಕಚೇರಿಗೆ ಅದೇ ರೂಢಿಯಾಯಿತು. ಬಾಡಿಗೆದಾರರು ದೂರಿನ ಜೊತೆ ಜಾಲತಾಣಕ್ಕೆ ಹಾಕುವ ವಿಡಿಯೋ ಯಾವ ರೂಪದಲ್ಲೇ ಬರಲಿ, ಅವಳು ಕಟ್ಟಿದ ವ್ಯವಸ್ಥೆ ಅದನ್ನು ಸರ್ವರಿನಲ್ಲಿ ಹಾಕಿ ಅರೆದು, ಹೊಸ ರೂಪಕ್ಕೆ ತಿರುಗಿಸಿ, ಆಮೇಲಷ್ಟೇ ದುರಸ್ತಿ ಮೇಜಿನವರಿಗೆ ತೋರಿಸುತ್ತಿತ್ತು, ಅಲ್ಲಿಯವರೆಗೆ ಪರದೆಯ ಮೇಲೆ ಸುತ್ತುವ ಒಂದು ಚಕ್ರ, ಕೆಳಗೆ ತಯಾರಾಗುತ್ತಿದೆ ಎಂಬ ಒಂದು ಮಾತು. ಅಲ್ಲ ಅಕ್ಕಾ, ಈಗಿನ ಫೋನಿಂದ ಬರೋದು ಬೀಸಿದ ಹಿಟ್ಟೇ, ಹಾಗೇ ಓಡುತ್ತೆ, ಅದನ್ನ ಮತ್ತೆ ಗಿರಣಿಗೆ ಹಾಕ್ತೀಯಲ್ಲ, ಮೊದ್ಲು ಮೂಟೆ ಬಿಚ್ಚಿ ನೋಡು, ಕಾಳಿದ್ರೆ ಬೀಸು, ಹಿಟ್ಟಿದ್ರೆ ಬಿಟ್ಬಿಡು — ನಾಲ್ಕು ಸಾಲಿನ ಕೆಲಸ, ನಾನೇ ಬರೆದು ಕೊಡ್ತೀನಿ, ಎಂದಿದ್ದ ಮೀಸೆ — ಕೊಡಬೇಡ, ಎಂದಿದ್ದಳು ಅವಳು, ಒಬ್ಬೊಬ್ಬರಿಗೆ ಒಂದೊಂದು ದಾರಿ ಮಾಡಿದ್ರೆ ನಾಳೆ ತಲೆನೋವು ಯಾರಿಗೆ, ಎಲ್ಲಾನೂ ಒಂದೇ ಬಾಗಿಲಿಂದ ಹೋಗ್ಲಿ. ಹಾಗೆ ಹೇಳಿಸಿದ್ದು ನ್ಯಾಯಬುದ್ಧಿಯೋ, ಹಿಂದೊಮ್ಮೆ ಯಾರದೋ ಹಳೆಯ ಕ್ಯಾಮೆರಾದ ವಿಡಿಯೋ ತುಂಬಿದ ಸಭೆಯಲ್ಲಿ ಬರೀ ಕಪ್ಪಾಗಿ ನಿಂತು, ಏನಮ್ಮಾ ಕರೆಂಟ್ ಹೋದಾಗ ತೆಗೆದಿದ್ದಾ ಎಂದು ಅಧ್ಯಕ್ಷೆ ನಕ್ಕದ್ದೋ, ಎಲ್ಲರೂ ನಕ್ಕದ್ದೋ, ಅವತ್ತಿನ ಬಿಸಿ ಇನ್ನೂ ಕಿವಿಯಲ್ಲಿದೆ, ಒಂದು ಕಪ್ಪು ಪರದೆಗಾಗಿ ಅವಳು ಬಂದದ್ದನ್ನೆಲ್ಲ ಅರೆದಳು, ಕಾಳನ್ನೂ ಹಿಟ್ಟನ್ನೂ, ಮೂಲ ಪ್ರತಿ ಮೇಜಿನವರ ಕೈಗೆ ಸಿಗದಂತೆ ಒಳಗಿಟ್ಟು ಬೀಗ ಹಾಕಿದವಳೂ ಅವಳೇ. ಸೋಮವಾರ ಬೆಳಗ್ಗೆ ಸಾಲು ಉದ್ದವಾಗಿತ್ತು, ಯಾರೋ ಮುದುಕ ತನ್ನ ನಲ್ಲಿ ತೊಟ್ಟಿಕ್ಕುವುದನ್ನು ಕುರ್ಚಿ ಹಾಕಿಕೊಂಡು ಕೂತು ಅರ್ಧ ಗಂಟೆ ಚಿತ್ರಿಸಿದ್ದ, ಒಂದೊಂದೇ ಹನಿ, ಮೀಸೆ ನಕ್ಕು ನಕ್ಕು ಕಣ್ಣೊರೆಸಿಕೊಂಡಿದ್ದ, ಸರ್ವರು ಆ ಹನಿಗಳನ್ನು ಶ್ರದ್ಧೆಯಿಂದ ಅರೆಯುತ್ತಿತ್ತು, ಅದರ ಹಿಂದೆ ಇಲಿಗಳು, ಮುರಿದ ಮೆಟ್ಟಿಲು, ಲಿಫ್ಟಿನೊಳಗೆ ಕಿರುಚುವ ಮಕ್ಕಳು, ಅದರ ಹಿಂದೆ ಎಲ್ಲೋ ಆ ಕಂಬ. ದುರಸ್ತಿ ಮೇಜಿನವನು ಬಾಗಿಲಲ್ಲಿ ತಲೆ ಹಾಕಿ, ಮೇಡಂ, ಒಂದು ಬಿರುಕು ಅಂತ ಬಂದಿದೆ, ಆ ಹೆಂಗಸು ಎರಡು ಸಲ ಫೋನ್ ಮಾಡಿದ್ಲು, ವಿಡಿಯೋ ನೋಡದೆ ಮನೆ ಖಾಲಿ ಮಾಡ್ಸೋ ಹಾಗಿಲ್ಲ, ಅದೊಂದನ್ನ ಮುಂದಕ್ಕೆ ತಳ್ಳಕ್ಕಾಗತ್ತಾ — ಅವಳು ತಲೆಯನ್ನೂ ಎತ್ತಲಿಲ್ಲ, ಎಲ್ಲರ ಬಿರುಕೂ ಬಿರುಕೇ, ಸಾಲಲ್ಲಿದೆ, ಬರುತ್ತೆ ಬಿಡಿ. ಯಾವ ಮನೆ ಎಂದು ಕೇಳಲಿಲ್ಲ. ಕೇಳಬಾರದೆಂಬುದೇ ಅವಳ ಹೆಮ್ಮೆಯಾಗಿತ್ತು; ಚಿಕ್ಕವಳು ಹಿಂದೆ ಚರಂಡಿಯ ವಿಡಿಯೋವನ್ನು ನೇರ ಇವಳ ಫೋನಿಗೇ ಕಳಿಸಿದಾಗ, ಅಕ್ಕ ಇದ್ದಾಳೆ ಅಂತ ಅಡ್ಡದಾರಿ ಹಿಡೀಬೇಡ್ವೇ, ಎಲ್ಲರ ಹಾಗೆ ಸೈಟಿಗೆ ಹಾಕು ಎಂದು ಗದರಿದವಳು, ಆಯ್ತು ತಾಯೇ ಧರ್ಮರಾಯನ ಮಗಳೇ ಎಂದು ಚಿಕ್ಕವಳು ಅಣಕಿಸಿ ಫೋನಿಟ್ಟಿದ್ದಳು, ಆ ನಗು, ಆ ಹಸಿರು ಬಾಚಣಿಗೆ, ಒದ್ದೆ ಕೂದಲನ್ನು ಬಾಚುತ್ತಿದ್ದಾಗಲೇ ಬಿರುಕು ಕಂಡಿರಬೇಕು, ಬೇರೇನೂ ಕೈಗೆ ಸಿಗದೆ ಅದನ್ನೇ —

ಯಾರಾದ್ರೂ ನೋಡಿದ್ರಾ, ಎಂದು ತಂಗಿಯ ಗಂಡ ಕೇಳುತ್ತಿದ್ದಾನೆ, ಬಸ್ಸಿನ ಗದ್ದಲದ ಮೇಲೆ ಕೂಗಿ ರೂಢಿಯಾದ ಗಂಟಲು ಇವತ್ತು ಬರೀ ಗಾಳಿ, ನೋಡಿ ಸುಮ್ನಿದ್ರಾ, ಇಲ್ಲಾ ನೋಡ್ಲೇ ಇಲ್ವಾ, ನಂಗೆ ಅಷ್ಟು ಹೇಳಿ ಸಾಕು, ಬೇರೇನೂ ಬೇಡ. ಅಧ್ಯಕ್ಷೆ ಕನ್ನಡಕ ತೆಗೆದು ಒರೆಸಿ, ವಿಡಿಯೋ ಪರಿವರ್ತನೆ ಆಗ್ಬೇಕಿತ್ತಪ್ಪಾ, ತಾಂತ್ರಿಕವಾಗಿ ಅದು ಅನಿವಾರ್ಯ, ಎನ್ನುತ್ತಾರೆ, ಅನಿವಾರ್ಯ, ಎಷ್ಟು ದುಂಡಗಿನ ಮಾತು, ಹಿಡಿಯಲು ಒಂದು ಅಂಚೂ ಇಲ್ಲ, ಮೀಸೆ ಹಿಂತಿರುಗಿ ಅವಳನ್ನು ನೋಡುತ್ತಾನೆ, ಅವಳು ನೆಲ ನೋಡುತ್ತಾಳೆ, ಹೇಳಬೇಡ, ಹೇಳು, ಹೇಳಬೇಡ ಕಣೋ — ಅವನು ಎದ್ದು ಮೂಲ ಪ್ರತಿಯನ್ನು, ಗಿರಣಿ ಮುಟ್ಟದ ಪ್ರತಿಯನ್ನು, ಒತ್ತುತ್ತಾನೆ, ಅದು ತಡವರಿಸದೆ, ಚಕ್ರ ಸುತ್ತದೆ, ಬಾಗಿಲು ತೆರೆದ ಹಾಗೆ ತೆರೆದುಕೊಂಡು ಓಡುತ್ತದೆ: ಅಡುಗೆಮನೆಯ ಕಂಬ, ಬಿರುಕು, ಚಿಕ್ಕವಳ ಕೈ, ನೋಡಿ ಸಾರ್, ನಿನ್ನೆ ಬರೀ ಹಲ್ಲು ಹೋಗ್ತಿತ್ತು, ಇವತ್ತು ನೋಡಿ, ಮತ್ತು ಹಸಿರು ಬಾಚಣಿಗೆ ಕಂಬದೊಳಕ್ಕೆ ಹೋಗುತ್ತದೆ, ಹಿಡಿಯವರೆಗೂ ಹೋಗುತ್ತದೆ, ಬೇಗ ಬನ್ನಿ ಸಾರ್, ಬಾಗಿಲು ತೆಗೆಯೋಕೆ ನಾನು ಮನೇಲೇ ಇರ್ತೀನಿ. ಇದು ಓಡ್ತಿದೆಯಲ್ಲ, ಎನ್ನುತ್ತಾನೆ ತಂಗಿಯ ಗಂಡ. ಬಂದಾಗ್ಲೂ ಹೀಗೇ ಓಡ್ತಿತ್ತು, ಎನ್ನುತ್ತಾನೆ ಮೀಸೆ. ಮತ್ತೆ ಕಾಯಿಸಿದ್ಯಾಕೆ? ಅವಳು ಎದ್ದು ಹೇಳಬೇಕಾದ್ದು ಎರಡು ಮಾತು, ನಾನೇ, ಬೇಕಿರಲಿಲ್ಲ, ಎರಡೇ — ಪರಿಶೀಲಿಸಿ ತಿಳಿಸ್ತೀವಿ ಎಂದು ಅಧ್ಯಕ್ಷೆ ಎದ್ದದ್ದೇ ಕುರ್ಚಿಗಳು ಕರಕರ ಸರಿಯುತ್ತವೆ, ಕೇಳಲು ಬಂದವರು ಚೀಲ, ಕೊಡೆ, ನಿದ್ದೆಹೋದ ಮಗು ಎತ್ತಿಕೊಂಡು ಮನೆಗೆ ಹೊರಡುತ್ತಿದ್ದಾರೆ, ದರ್ಜಿ ಹೊರಟಳು, ದುರಸ್ತಿ ಮೇಜಿನವನು ಯಾರ ಮುಖವನ್ನೂ ನೋಡದೆ ಹೊರಟ, ಆದರೆ ಖಾಕಿ ಅಂಗಿ ಅವಳ ಕಡೆಗೇ ಬರುತ್ತಿದೆ, ಬಂತು, ಅವಳ ಮುಂದೆ ಬಗ್ಗಿ ಮೆಲ್ಲಗೆ, ಅಕ್ಕಾ, ಅವ್ಳು ನಿಮಗೇ ಕಳಿಸ್ತೀನಿ ಅಂದಿದ್ಲು, ನಾನೇ ಬೇಡ ಅಂದೆ, ಅಕ್ಕಂಗೆ ಕಚೇರೀಲಿ ಮುಜುಗರ ಆಗುತ್ತೆ ಅಂತ, ನಾನೇ ತಡೆದೆ ಅಕ್ಕಾ, ನನ್ನಿಂದಾನೇ — ಇಲ್ಲಪ್ಪಾ ನಿನ್ನಿಂದಲ್ಲ ಎಂಬ ಮಾತು ಗಂಟಲವರೆಗೆ ಬಂದು ನಿಲ್ಲುತ್ತದೆ, ಅದರ ಬೆನ್ನಿಗೇ ಮತ್ಯಾರಿಂದ ಎಂಬುದು ಬರಬೇಕಲ್ಲ, ಅವನು ಕಾಯುತ್ತಾನೆ, ಕಾದು, ಬರ್ತೀನಿ ಎಂದು ಅವನೂ ಹೊರಟ, ಆ ಭಾರವನ್ನು ತಾನೇ ಹೊತ್ತುಕೊಂಡು ಹೊರಟ, ಅವಳು ಹೊರಲು ಬಿಟ್ಟಳು, ಸಭಾಂಗಣ ಖಾಲಿ, ಮೀಸೆ ಆರಿಸಲು ಮರೆತ ವಿಡಿಯೋ ಗೋಡೆಯ ಮೇಲೆ ಮೊದಲಿನಿಂದ ಮತ್ತೆ ಓಡುತ್ತಿದೆ, ನಿನ್ನೆ ಬರೀ ಹಲ್ಲು ಹೋಗ್ತಿತ್ತು, ಕೈ, ಬಿರುಕು, ಬಾಚಣಿಗೆ, ಹಿಡಿಯವರೆಗೂ, ಹಲ್ಲುಗಳ ನಡುವೆ ಸಿಕ್ಕಿಕೊಂಡ ಒಂದು ಉದ್ದನೆಯ ಒದ್ದೆ ಕೂದಲು