ಸಾಲಿನಲ್ಲಿ ಬಿಟ್ಟ ಜಾಗ

ಜುಲೈ ಮುಗಿಯುವುದರಲ್ಲಿತ್ತು. ಮೆಕ್ಕೆಜೋಳ ಆಳೆತ್ತರ ಬೆಳೆದು ನಿಂತಿತ್ತು, ನಸುಕಿನಲ್ಲೂ ಗಾಳಿ ಆಡುತ್ತಿರಲಿಲ್ಲ. ಮಂಗಳವಾರ ಇನ್ನೂ ಹೊತ್ತು ಮೂಡುವ ಮುಂಚೆ, ಅಯೋವಾದ ಒಂದು ಶಾಲೆಯ ಹಿಂದೆ ನಿಲ್ಲಿಸಿದ್ದ ಅಡುಗೆ ಲಾರಿಯೊಳಗೆ ವರ್ನಾ ಮೊಟ್ಟೆ ಒಡೆಯುತ್ತಿದ್ದಳು. ಮಕ್ಕಳೆಲ್ಲ ಶಾಲೆಯ ಆಟದ ಒಳಾಂಗಣದಲ್ಲಿ, ನೆಲದ ಮೇಲೆ ಸಾಲಾಗಿ ಮಲಗಿದ್ದರು. ಉಪ್ಪು ಹಾಕಿದೆನೋ ಇಲ್ಲವೋ ಎಂದು ಅವಳಿಗೆ ನೆನಪಾಗಲಿಲ್ಲ. ಇನ್ನೊಮ್ಮೆ ಹಾಕಿದಳು.

ಲ್ಯಾಂಟರ್ನ್ಸ್ ಎಂಬುದು ವಿಸ್ಕಾನ್ಸಿನ್ ನದಿಯ ದಡದ ಒಂದು ಸಣ್ಣ ಊರಿನ ಡ್ರಮ್ ಕೋರ್. ಕಹಳೆ, ಡೋಲು, ಬಾವುಟ ಹಿಡಿದ ಹುಡುಗ ಹುಡುಗಿಯರು ಬೇಸಿಗೆಯಿಡೀ ಬಸ್ಸಿನಲ್ಲಿ ಊರೂರು ತಿರುಗುತ್ತಾರೆ. ಫುಟ್‌ಬಾಲ್ ಮೈದಾನದಲ್ಲಿ ನುಡಿಸುತ್ತ ನಡೆಯುತ್ತಾರೆ, ನಡೆನಡೆಯುತ್ತಲೇ ಸಾಲು ಬಾಗಿಸಿ, ತಿರುಗಿಸಿ, ಆಕಾರ ಬಿಡಿಸುತ್ತಾರೆ. ಬೇರೆ ತಂಡಗಳೊಡನೆ ಪೈಪೋಟಿ. ವಯಸ್ಸು ಇಪ್ಪತ್ತೊಂದು ದಾಟಿದವರಿಗೆ ಯಾವ ತಂಡದಲ್ಲೂ ಜಾಗವಿಲ್ಲ. ದೊಡ್ಡ ತಂಡಗಳಿಗೆ ದೊಡ್ಡ ಊರುಗಳಿವೆ. ಲ್ಯಾಂಟರ್ನ್ಸ್‌ಗೆ ಇರುವುದು ಹಣ ಕೂಡಿಸಲು ಚರ್ಚಿನ ಸಭಾಂಗಣದಲ್ಲಿ ನಡೆಸುವ ಶುಕ್ರವಾರದ ಮೀನೂಟ, ಬಿಂಗೋ ಆಟ, ಹರಿದ ಸಮವಸ್ತ್ರಕ್ಕೆ ತೇಪೆ ಹಾಕುವ ತಾಯಂದಿರು, ಮತ್ತೆ ವರ್ನಾಳ ಗಂಡ ಲೈಲ್. ಲೈಲ್ ಇದ್ದ ಎನ್ನಬೇಕು. ಲಾರಿ ಓಡಿಸುತ್ತಿದ್ದವನೂ ಅವನೇ, ತಂಡದ ಅಧ್ಯಕ್ಷನೂ ಅವನೇ. ಮಾರ್ಚಿನಲ್ಲಿ ಅಂಗಳದ ಹಿಮ ಎತ್ತುತ್ತಿದ್ದವನು ಸಲಿಕೆ ಊರಿಕೊಂಡು ಕೂತ, ಮತ್ತೆ ಏಳಲಿಲ್ಲ.

ಅವತ್ತಿನಿಂದ ವರ್ನಾಳಿಗೆ ಮೈಯೆಲ್ಲ ಜೋಮು ಹಿಡಿದಂತಿತ್ತು. ಕೈ ಕೆಳಗೆ ಹಾಕಿಕೊಂಡು ಮಲಗಿ ಎದ್ದರೆ ಹಿಡಿಯುತ್ತದಲ್ಲ, ಹಾಗೆ. ಆದರೆ ಜೋಮು ಬಿಡುವಾಗ ಸೂಜಿ ಚುಚ್ಚಿದಂತಾಗುತ್ತದೆ, ಅದು ಮಾತ್ರ ಬಂದಿರಲಿಲ್ಲ. ಮಣ್ಣಿಗೆ ಬಂದವರಿಗೆಲ್ಲ ತಾನೇ ಹಂದಿಮಾಂಸ ಕೊಯ್ದು ಬಡಿಸಿದ್ದಳು. ಗಟ್ಟಿಗಿತ್ತಿ ಎಂದರು. ಮುಂದಿನ ಅಧ್ಯಕ್ಷರು ಯಾರು ಎಂಬ ಮಾತು ಬಂದಾಗ ಎಲ್ಲರೂ ಕಾಫಿ ಲೋಟದೊಳಗೆ ನೋಡಿಕೊಂಡರು. ವರ್ನಾ ಆಗುತ್ತೇನೆ ಎನ್ನಲಿಲ್ಲ. ಬೇಡ ಎನ್ನಲೂ ಇಲ್ಲ. ಹಾಗಾಗಿ ಅವಳೇ ಆದಳು.

ಲಾರಿಯ ಮೆಟ್ಟಿಲ ಮೇಲೆ ರಸೆಲ್ ಬಂದು ನಿಂತ. ಮಕ್ಕಳಿಗೆ ನಡಿಗೆ, ನುಡಿಸಾಣಿಕೆ ಎರಡನ್ನೂ ಹೇಳಿಕೊಡುವ ತಂಡದ ಯಜಮಾನ. ಚಿಕ್ಕಂದಿನಲ್ಲಿ ಇದೇ ತಂಡದಲ್ಲಿ ಡೋಲು ಬಾರಿಸಿದವನು.

"ವರ್ನಾ, ಒಂದ್ ಮಾತಿತ್ತು."

"ಹೇಳು. ಕೆಲಸ ಇರೋದು ಕೈಗೆ, ಕಿವಿಗಲ್ಲ."

"ಪಡುವಣದ ಆ ದೊಡ್ಡ ತಂಡದವರು ಫೋನ್ ಮಾಡಿದ್ರು. ಅವರ ದೊಡ್ಡ ಕಹಳೆ, ಟ್ಯೂಬಾ ಊದೋ ಹುಡುಗ ಒಬ್ಬ ಕಾಲು ಮುರ್ಕೊಂಡಿದಾನಂತೆ. ನಮ್ಮ ಟೆಸ್ಸಾನ ಕೊಡ್ತೀರಾ ಅಂತ ಕೇಳ್ತಿದಾರೆ."

ಪಕ್ಕದಲ್ಲಿ ಹಿಟ್ಟು ಕಲಸುತ್ತಿದ್ದ ಬರ್ನೀಸ್ ಸೌಟು ಕೆಳಗಿಟ್ಟಳು. ವರ್ನಾಳ ಓರಗೆಯವಳು, ಹರಿತವಾದ ಬಾಯಿ.

"ಕಳ್ಳ ನನ್ ಮಕ್ಳು! ಹಾಲೂಡ್ಸಿ ಸಾಕೋರು ನಾವು, ಹಗ್ಗ ಬಿಚ್ಕೊಂಡು ಹೋಗೋರು ಅವರು."

"ಅವಳೇನು ಕರು ಅಲ್ಲ, ಬರ್ನೀಸ್," ಎಂದ ರಸೆಲ್.

"ಕರು ಆಗಿದ್ರೆ ಕೊಟ್ಟಿಗೆಗೆ ಬೀಗನಾದ್ರೂ ಹಾಕ್ತಿದ್ದೆ."

"ನಾವು ಒಪ್ಪಿ ಬಿಟ್ಕೊಡದೆ ಅವರು ಸೇರಿಸ್ಕೊಳ್ಳೋ ಹಾಗಿಲ್ಲ. ಒಪ್ಪೋರು ಅಧ್ಯಕ್ಷರು. ಅಂದ್ರೆ ನೀವು, ವರ್ನಾ. ಅವಳಿಗೆ ಇಪ್ಪತ್ತೊಂದು ಆಯ್ತು, ಇದೇ ಕಡೇ ಬೇಸಿಗೆ. ಬೇಸಿಗೆಯ ಕಡೇ ಪೈಪೋಟೀಲಿ ಆ ತಂಡದವರು ಆಡೋದು ಶನಿವಾರ ಸಂಜೆ, ತುಂಬಿದ ಸ್ಟೇಡಿಯಂನಲ್ಲಿ. ನಾವು ಆಡೋದು ವಾರದ ಮಧ್ಯೆ, ಖಾಲಿ ಬೆಂಚಿನ ಮುಂದೆ. ಈ ಸಲ ತಪ್ಪಿದ್ರೆ ಅವಳಿಗೆ ಇನ್ನಿಲ್ಲ."

"ಅವಳನ್ನೇ ಯಾಕೆ ಕೇಳಿದ್ರು?"

"ಹೋದ ಶನಿವಾರ ಮಳೆಯಲ್ಲಿ ನಮ್ಮ ಆಟ ನೋಡಿದಾರೆ."

ಆ ಆಟದ ಸಂಗತಿ ವರ್ನಾಳಿಗೂ ಗೊತ್ತಿತ್ತು. ಎಲಿಯಟ್ ಎಂಬ ಟ್ಯೂಬಾ ಹುಡುಗ ಜ್ವರ ಹಿಡಿದು ಮನೆಗೆ ಹೋಗಿದ್ದ. ದೊಡ್ಡ ತಂಡಗಳಲ್ಲಿ ಹೀಗಾದರೆ ಬೇರೊಬ್ಬರನ್ನು ತಂದು ತುಂಬುತ್ತಾರೆ. ಲ್ಯಾಂಟರ್ನ್ಸ್‌ನಲ್ಲಿ ಹಾಗಲ್ಲ. ತುಂಬಲು ಜನವಿಲ್ಲ ಎಂಬುದು ಒಂದು, ಲೈಲ್ ಮಾಡಿಟ್ಟ ಕಟ್ಟಳೆ ಇನ್ನೊಂದು. ಹೋದವರ ಜಾಗ ಆ ಬೇಸಿಗೆ ಮುಗಿಯುವವರೆಗೆ ಅವರದೇ. ಸಾಲು ಕೂಡಿಸುವಂತಿಲ್ಲ. ಒಬ್ಬರ ಮೈಯಗಲ ಜಾಗ ಬಿಟ್ಟುಕೊಂಡೇ ಅಕ್ಕಪಕ್ಕದವರು ನಡೆಯಬೇಕು, ತಿರುಗಬೇಕು, ಓಡಬೇಕು. ಮಕ್ಕಳು ಅದನ್ನು ಖಾಲಿ ಎನ್ನುತ್ತಿದ್ದರು. ಎಲಿಯಟ್‌ನ ಖಾಲಿ.

ಹೇಳಲು ಸುಲಭ. ಆದರೆ ಈ ಮಕ್ಕಳು ಪಕ್ಕದವರ ಹೆಗಲನ್ನು ಓರೆಗಣ್ಣಿನಲ್ಲಿ ಹಿಡಿದು ನಡೆಯುವವರು. ಪಕ್ಕದಲ್ಲಿ ಹೆಗಲಿಲ್ಲದಿದ್ದರೆ ಅವರಿಗರಿವಿಲ್ಲದೆ ಕಾಲು ಅತ್ತ ವಾಲುತ್ತದೆ, ನೀರು ತಗ್ಗಿಗೆ ಹರಿದ ಹಾಗೆ. ಶನಿವಾರ ಅದೇ ಆಯಿತು. ಮಳೆಯಲ್ಲಿ ಸಾಲಿಗೆ ಸಾಲೇ ಖಾಲಿಯ ಕಡೆ ವಾಲಿ, ಬಿಲ್ಲಿನಂತೆ ಬಾಗಬೇಕಾದದ್ದು ಮುರಿದ ಬಾಚಣಿಗೆಯಂತಾಯಿತು. ಖಾಲಿಯ ಪಕ್ಕದಲ್ಲೇ ನಡೆದ ಟೆಸ್ಸಾ ಒಬ್ಬಳು ಮಾತ್ರ ತನ್ನ ಗೆರೆ ಬಿಟ್ಟು ಕದಲಲಿಲ್ಲ.

"ಪಕ್ಕದಲ್ಲಿ ಯಾರೂ ಇಲ್ದೇ ಇದ್ರೂ ಜಾಗ ಬಿಡದಂಥ ಹುಡುಗಿ ತಮ್ಮಲ್ಲಿ ಒಬ್ಬಳೂ ಇಲ್ಲ ಅಂದ್ರು," ಎಂದ ರಸೆಲ್. "ಅಂಥವಳು ಅವರಲ್ಲಿ ಎಲ್ಲಿಂದ ಬರ್ಬೇಕು? ಅವರು ಯಾವತ್ತು ಖಾಲಿ ಇಟ್ಕೊಂಡು ನಡೆದಿದಾರೆ?"

"ಅವಳು ಹೋದ್ರೆ ನಮ್ಮದೇನಾಗುತ್ತೆ?"

"ಎರಡು ಖಾಲಿ, ಒಂದರ ಪಕ್ಕ ಒಂದು. ಈ ವಾರ ಪೈಪೋಟೀಲಿ ಒಂದಿಷ್ಟು ಮೇಲೆ ಬರ್ತೀವಿ ಅಂತಿದ್ದೆ. ಅದನ್ನ ಮರೀಬೇಕು."

"ಹೋಗ್ಲಿ ಬಿಡು. ಒಪ್ಪಿದೆ ಅಂತ ಹೇಳು," ಎಂದು ವರ್ನಾ ಮುಂದಿನ ಮೊಟ್ಟೆ ಒಡೆದಳು.

ರಸೆಲ್ ಮೆಟ್ಟಿಲಿಳಿದು ಹೋದ. ಬರ್ನೀಸ್ ತನ್ನ ಗೆಳತಿಯನ್ನು ಮೇಲಿಂದ ಕೆಳಗೆ ನೋಡಿದಳು.

"ಏನೇ ಇದು, ಪಕ್ಕದ ಮನೆಯೋರಿಗೆ ಒಂದು ಲೋಟ ಸಕ್ಕರೆ ಅಳೆದುಕೊಟ್ಟ ಹಾಗೆ ಕೊಟ್ಟೆಯಲ್ಲ!"

"ಮತ್ತೆ ಹೇಗೆ ಕೊಡ್ಬೇಕಿತ್ತು?"

"ಸಕ್ಕರೆ ಆದ್ರೆ ವಾಪಸ್ ಬರುತ್ತೆ," ಎಂದು ಬರ್ನೀಸ್ ಹಿಟ್ಟಿನ ಕಡೆ ತಿರುಗಿದಳು.

ಟೆಸ್ಸಾ ತಂಡಕ್ಕೆ ಬಂದಾಗ ಹೈಸ್ಕೂಲಿನ ಹುಡುಗಿ. ಮನೆಯಲ್ಲಿ ಹಸು, ಬೆಳಗಿನ ಹಾಲು ಕರೆದೇ ಶಾಲೆಗೆ ಹೋಗುವವಳು. ಹೆಸರು ಕೇಳಿದರೂ ತಲೆ ಎತ್ತುತ್ತಿರಲಿಲ್ಲ. ಸ್ವರ ಓದಲು ಬರುತ್ತಿರಲಿಲ್ಲ. ಹೊರುವ ಶಕ್ತಿಯಿದೆ ಎಂದು ದೊಡ್ಡ ಕಹಳೆಯನ್ನು ಹೆಗಲಿಗೆ ಕೊಟ್ಟಿದ್ದರು. ಈಗ ಕಿರಿಯರ ತಪ್ಪನ್ನು ಮೈದಾನದ ಆಚೆ ತುದಿಗೆ ಕೇಳುವಂತೆ ಕೂಗಿ ಹೇಳುತ್ತಾಳೆ, ಆಮೇಲೆ ಅವರ ಪಕ್ಕದಲ್ಲೇ ಕೂತು ತಿನ್ನುತ್ತಾಳೆ. ಈ ಬೇಸಿಗೆ ಲಾರಿಯನ್ನು ವರ್ನಾಳೇ ಓಡಿಸಬೇಕಾಗಿ ಬಂದಾಗ, ಯಾರೂ ಹೇಳದೆ ಬಸ್ಸಿನ ಸೀಟು ಬಿಟ್ಟು ಬಂದು ಅವಳ ಪಕ್ಕ ಕೂತವಳು ಟೆಸ್ಸಾ. ದಾರಿಯುದ್ದ ಏನಾದರೂ ಹೇಳುತ್ತಿದ್ದಳು. ವರ್ನಾ ಹೂಂಗುಟ್ಟುತ್ತಿದ್ದಳು. ಎಷ್ಟೋ ದಿನ ಅವಳ ಬಾಯಿಂದ ಬಂದದ್ದು ಆ ಹೂಂ ಮಾತ್ರ.

ತಿಂಡಿ ಮುಗಿದ ಮೇಲೆ ಟೆಸ್ಸಾ ಪಾತ್ರೆ ತೊಳೆಯಲು ಬಂದಳು.

"ವರ್ನಜ್ಜಿ, ಕೇಳಿದ್ ತಕ್ಷಣ ಒಪ್ಕೊಂಡ್ರಂತೆ."

"ಹೂಂ."

"ಒಂದ್ಸಲಾನೂ ಯೋಚ್ನೆ ಮಾಡ್ಲಿಲ್ವಾ?"

"ಮಾಡೋದೇನಿದೆ? ಒಳ್ಳೇದಾಗುತ್ತೆ ನಿನಗೆ."

ಟೆಸ್ಸಾ ದೊಡ್ಡ ಬಾಣಲೆಯನ್ನು ಉಜ್ಜಿದಳು. ಉಜ್ಜಿದ್ದನ್ನೇ ಮತ್ತೆ ಉಜ್ಜಿದಳು.

"ನಮ್ಮಮ್ಮ ಫೋನಲ್ಲಿ ಅತ್ತೇ ಬಿಟ್ಲು, ಖುಷಿಗೆ. ಸಾಲಲ್ಲಿ ನನ್ ಪಕ್ಕ ನಡೆಯೋ ಮಾರ್ಕಸ್ ನನ್ ಜೊತೆ ಮಾತು ಬಿಟ್ಟಿದಾನೆ. ರಸೆಲ್ ಮುಖ ನೋಡೋ ಹಾಗಿಲ್ಲ. ನೀವೊಬ್ರು ಹೀಗೆ, ಬಸ್ಸು ಬಂತು ಹತ್ತು ಅನ್ನೋ ಹಾಗೆ." ನೀರು ಚೆಲ್ಲಿದಳು. "ಬೇಡ ಅಂತಾದ್ರೂ ಅನ್ಬೋದಿತ್ತು."

"ಬೇಡ ಅಂದ್ರೆ ಇರ್ತೀಯಾ?"

"ಗೊತ್ತಿಲ್ಲ."

"ಮತ್ತೆ?"

"ಗೊತ್ತಿಲ್ಲ ಅಜ್ಜಿ! ನಾನು ಹೋದ್ರೆ ಯಾರಿಗಾದ್ರೂ ಏನಾದ್ರೂ ಆಗುತ್ತಾ ಅಂತ ಗೊತ್ತಾಗ್ಬೇಕು ನನಗೆ. ಅಷ್ಟೇ."

ವರ್ನಾ ಹೇಳಲು ಏನಾದರೂ ಸಿಗುತ್ತದೋ ಎಂದು ಒಳಗೆ ಹುಡುಕಿದಳು. ಕತ್ತಲೆಯ ಕಪಾಟಿನಲ್ಲಿ ಕೈಯಾಡಿಸಿದಂತಾಯಿತು. ಹಲಗೆ ಸಿಕ್ಕಿತು, ಸಾಮಾನು ಸಿಗಲಿಲ್ಲ. "ಬಾಣಲೆ ಸಾಕು ಬಿಡು, ತೂತಾದೀತು," ಎಂದಳು. ಟೆಸ್ಸಾ ಕೈ ಒರೆಸಿಕೊಂಡು ಹೊರಟುಹೋದಳು.

ಬುಧವಾರ ಮಧ್ಯಾಹ್ನದ ಊಟವಾದ ಮೇಲೆ ಬರ್ನೀಸ್ ವರ್ನಾಳ ಕೈಯಿಂದ ಸೌಟು ಕಿತ್ತುಕೊಂಡಳು. "ಹೋಗು, ಒಂದ್ಸಲ ಮೈದಾನ ನೋಡ್ಕೊಂಡು ಬಾ. ಎಷ್ಟೂಂತ ಈರುಳ್ಳಿ ಮುಖ ನೋಡ್ಕೊಂಡಿರ್ತೀಯ." ವರ್ನಾ ಹೋದಳು. ಹೋಗಬಾರದೆಂದೂ ಅವಳಿಗೆ ಅನ್ನಿಸಿರಲಿಲ್ಲ. ಈ ಬೇಸಿಗೆಯಲ್ಲಿ ಅವಳು ಮೈದಾನದ ಹತ್ತಿರ ಬಂದದ್ದು ಅದೇ ಮೊದಲು.

ರಸೆಲ್ ಎತ್ತರದ ಅಟ್ಟದ ಮೇಲೆ ನಿಂತಿದ್ದ. ಟೆಸ್ಸಾಳನ್ನು ಸಾಲಿನಿಂದ ಹೊರಗೆ ನಿಲ್ಲಿಸಿ, ಅವಳಿಲ್ಲದೆ ನಡೆಯುವುದನ್ನು ಮಕ್ಕಳಿಗೆ ರೂಢಿ ಮಾಡಿಸುತ್ತಿದ್ದ. ಖಾಲಿಯ ಪಕ್ಕಕ್ಕೆ ಈಗ ಮಾರ್ಕಸ್ ಬಂದಿದ್ದ. ಮೊದಲ ಸಲವೇ ವಾಲಿದ.

"ಮಾರ್ಕಸ್, ಎಲ್ಲಿಗೋ ಹೊರಟೆ?" ಎಂದು ಟೆಸ್ಸಾ ಗೆರೆಯಾಚೆಯಿಂದ ಕೂಗಿದಳು.

"ನಿನ್ನ ಹುಡುಕ್ಕೊಂಡು!" ಎಂದ ಮಾರ್ಕಸ್, ನಿನ್ನೆಯಿಂದ ಮಾತು ಬಿಟ್ಟಿದ್ದವನು. ಸಾಲೆಲ್ಲ ನಕ್ಕಿತು.

"ನಾನಿಲ್ಲ ಅಲ್ಲಿ. ಇಲ್ಲದೋರ ಕಡೆ ನೋಡ್ಬೇಡ, ಕಾಲು ಅಲ್ಲಿಗೇ ಹೋಗುತ್ತೆ. ಇದಾರೆ ಅಂತ್ಲೂ ಅಂದ್ಕೋಬೇಡ, ಅದೂ ಸುಳ್ಳು. ಮುಂದೆ ಹುಲ್ಲಿನ ಮೇಲೆ ಬಿಳೀ ಗೆರೆ ಇದೆಯಲ್ಲ, ಅದನ್ನ ಹಿಡಿ. ನಿನ್ನ ಹೆಜ್ಜೆ ನೀನು ಇಡು. ಜಾಗ ತಾನಾಗೇ ಉಳಿಯುತ್ತೆ."

"ನಿಂಗೆ ಹೇಳೋದು ಸುಲಭ, ದೊಡ್ಡವರ ಸೊಸೆ!"

"ಬಾಯಿ ಮುಚ್ಚಿ ಕಹಳೆ ಊದೋ!"

"ಮುಚ್ಚಿ ಊದೋದು ಹೇಗೆ ಅಂತಾನೂ ಹೇಳ್ಕೊಟ್ಟು ಹೋಗು!"

ಮತ್ತೆ ಮೊದಲಿನಿಂದ ಹೊರಟರು. ಡೋಲು ಸಣ್ಣಗೆ ಬಿತ್ತು, ಕಹಳೆಗಳು ಎದ್ದವು, ಸಾಲು ಬಾಗಿತು. ಈ ಸಲ ಮಾರ್ಕಸ್ ವಾಲಲಿಲ್ಲ. ಇಬ್ಬರು ನಿಲ್ಲುವಷ್ಟು ಜಾಗ ಸಾಲಿನ ನಡುವೆ ಬಾಯಿ ತೆರೆದುಕೊಂಡು, ಆದರೆ ಮುರಿಯದೆ, ಉಳಿದವರ ಜೊತೆಗೇ ನಡೆಯಿತು.

ಟೆಸ್ಸಾ ವರ್ನಾಳ ಪಕ್ಕ ಬಂದು ನಿಂತಿದ್ದಳು. ಬೆರಳು ಚಾಚಿದಳು.

"ಅಗೋ ಅಜ್ಜಿ, ಎಡಗಡೆಯದು ಎಲಿಯಟ್. ಬಲಗಡೆಯದು ನಾನು. ಈಗ ತಿರುಗ್ತೀನಿ ನೋಡಿ. ಹಿಂದಕ್ಕೆ ಹೋಗ್ತಿದೀನಿ. ಇಲ್ಲಿ ಉಸಿರು ಸಾಲಲ್ಲ ನನಗೆ, ಯಾವಾಗ್ಲೂ." ಅವಳ ಬೆರಳು ಬರಿಯ ಹುಲ್ಲನ್ನು ಹಿಂಬಾಲಿಸುತ್ತಿತ್ತು. "ಎಷ್ಟು ವರ್ಷ ಆಯ್ತು, ನಾನು ನಡೆಯೋದನ್ನ ನಾನೇ ನೋಡಿದ್ದು ಇವತ್ತೇ."

ವರ್ನಾ ನೋಡಿದಳು. ಹುಲ್ಲು, ಅದರ ಮೇಲೆ ಬಿಸಿಲು. ಏನೂ ಇರಲಿಲ್ಲ ಅಲ್ಲಿ, ಆದರೆ ಅದು ನಡೆಯುತ್ತಿತ್ತು. ಅದರ ಸುತ್ತ ಇದ್ದ ಮಕ್ಕಳು ಬೆವರು ಸುರಿಸಿಕೊಂಡು, ಅಳುವವರು ಅಳುತ್ತ, ನುಡಿಸುವುದನ್ನು ನಿಲ್ಲಿಸದೆ ಅದನ್ನು ಕಾಯುತ್ತಿದ್ದರು. ಅವಳ ಎದೆಯೊಳಗೆ ಏನೋ ಅಲುಗಾಡಿದಂತಾಯಿತು. ನೋವು ಎನ್ನುವಷ್ಟಿರಲಿಲ್ಲ. ದೂರದ ಕೋಣೆಯಲ್ಲಿ ಯಾರೋ ಕುರ್ಚಿ ಸರಿಸಿದ ಹಾಗೆ.

"ಟೆಸ್ಸಾ, ಇಲ್ಲಿ ಕೇಳು."

"ಹೂಂ ಅಜ್ಜಿ."

"ನಿನ್ನೆ ರಸೆಲ್‌ಗೆ ಹೋಗ್ಲಿ ಬಿಡು ಅಂದೆನಲ್ಲ, ಅದು ದೊಡ್ಡ ಮನಸಲ್ಲ. ಈಗ ಯಾರು ಏನು ಕೇಳಿದ್ರೂ ಕೊಟ್ಬಿಡ್ತೀನಿ. ಮನೆ ಕೇಳಿದ್ರೂ ಕೊಡ್ತಿದ್ನೇನೋ. ಹೋದ್ರೆ ಏನೂ ಅನ್ಸಲ್ಲ ನನಗೆ. ಅದನ್ನ ಆಶೀರ್ವಾದ ಅಂತ ತಿಳ್ಕೋಬೇಡ."

ಟೆಸ್ಸಾ ಸಾಲಿನಿಂದ ಕಣ್ಣು ತೆಗೆಯಲಿಲ್ಲ. "ಹಾಗಿದ್ರೆ ಈಗೇನ್ ಮಾಡ್ಲಿ? ರಸೆಲ್‌ಗೆ ಹೇಳಿ ಅವರಿಗೆ ಬೇಡ ಅನ್ನಿಸ್ಬೋದು ಇನ್ನೂ."

ಸಾಲು ಮೈದಾನದ ಆಚೆ ತುದಿ ಮುಟ್ಟಿ, ತಿರುಗಿ, ಇವರ ಕಡೆಗೇ ನಡೆದು ಬರತೊಡಗಿತು. ಇಬ್ಬರ ಅಗಲದ ಆ ಜಾಗವೂ ನೇರ ವರ್ನಾಳ ಎದುರಿಗೇ ಬಂತು. ಟೆಸ್ಸಾ ಇದ್ದರೆ ಆ ಸಾಲಿಗೆ ಇನ್ನೊಂದು ಹೆಗಲು. ಲಾರಿಯಲ್ಲಿ ಪಕ್ಕದ ಸೀಟಿನಿಂದ ಬರುವ ಮಾತು. ಇರು ಎಂದರೆ ಇರುತ್ತಾಳೆ ಎಂಬುದು ಈಗ ಅವಳಿಗೆ ಗೊತ್ತಿತ್ತು.

"ಲಾರಿಯಲ್ಲಿ ನೀನು ಮಾತಾಡ್ತಿದ್ದೆಯಲ್ಲ, ನಾನು ಕೇಳಿಸ್ಕೋತಿರ್ಲಿಲ್ಲ ಅಂದ್ಕೊಂಡಿರ್ತೀಯ," ಎಂದಳು. "ಕೇಳಿಸ್ಕೋತಿದ್ದೆ. ನಿಮ್ಮನೆ ಕಂದು ಹಸುವಿನ ಕೆಚ್ಚಲು ಬಾವು, ನಿಮ್ಮಣ್ಣನ ಜಗಳ, ಎಲ್ಲಾ. ಇನ್ಮೇಲೆ ಅದು ಇರಲ್ಲ. ಅದನ್ನ ಲೆಕ್ಕಕ್ಕೆ ಹಿಡ್ಕೊಂಡೇ ಹೇಳ್ತಿದೀನಿ. ಹೋಗು."

ಟೆಸ್ಸಾ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡಳು.

"ಅವರು ಅಲ್ಲಿ ಚೆನ್ನಾಗಿ ಊಟ ಹಾಕ್ತಾರಂತೆ," ಎಂದಳು.

"ಹಾಕ್ಲಿ. ನನ್ನ ಉಪ್ಪು ತಿಂದಿದೀಯ, ಅದೂ ಎರಡೆರಡು ಸಲ ಹಾಕಿದ್ದು."

"ಗೊತ್ತಿತ್ತಾ ನಿಮಗೆ?"

"ಬರ್ನೀಸ್ ಬಾಯಿ ಮುಚ್ಕೊಂಡಿರ್ತಾಳಾ?"

ಟೆಸ್ಸಾ ನಕ್ಕಳು. ವರ್ನಾಳ ಮುಖವೂ ನಗುವವರ ಮುಖದಂತೆ ಸ್ವಲ್ಪ ಅಗಲವಾಯಿತು, ಅದಕ್ಕಿಂತ ಹೆಚ್ಚೇನಿಲ್ಲ. ರಸೆಲ್ ಮೇಲಿನಿಂದ ಮತ್ತೊಮ್ಮೆ ಎಂದು ಕೂಗಿದ, ಮಕ್ಕಳು ತಮ್ಮ ತಮ್ಮ ಜಾಗಕ್ಕೆ ಓಡಿದರು.

ಮಾರನೆಯ ದಿನ ಆ ತಂಡದವರ ಕಾರು ಬಂತು. ಮಕ್ಕಳು ಶಾಲೆಯ ಬಾಗಿಲಿನಿಂದ ರಸ್ತೆಯವರೆಗೆ ಎರಡು ಸಾಲು ನಿಂತರು. ಮಾರ್ಕಸ್ ಟೆಸ್ಸಾಳ ಚೀಲ ಹೊತ್ತು ಮುಂದೆ ನಡೆದ. ಬರ್ನೀಸ್ ಬೈಯುತ್ತಲೇ ಬ್ರೆಡ್ಡಿನ ಪೊಟ್ಟಣ ಕಟ್ಟಿ ಕೊಟ್ಟಳು. ವರ್ನಾ ಲಾರಿಯ ಮೆಟ್ಟಿಲಿಳಿದು ಬಂದು ಕಾರಿನ ಬಾಗಿಲು ಹಾಕಿದಳು. ಕಾರು ಜೋಳದ ಹೊಲಗಳ ನಡುವಿನ ತಿರುವು ದಾಟುವವರೆಗೂ ಮಕ್ಕಳು ಸಾಲು ಬಿಡಲಿಲ್ಲ.

ಟೆಸ್ಸಾ ಹೋದದ್ದು ಗುರುವಾರ. ಅವತ್ತಿನಿಂದ ಲಾರಿಯ ಪಕ್ಕದ ಸೀಟಿನಲ್ಲಿ ವರ್ನಾ ಬೇರೆ ಯಾರನ್ನೂ ಕೂರಿಸಲಿಲ್ಲ, ಅದು ಟೆಸ್ಸಾಳ ಖಾಲಿ.